ನಾಲ್ಕನೇ ನಂಬರಿನ ಮೆಷಿನ್ನು

ಆ ದಿನ ಬೆಳಿಗ್ಗೆ, ಹಳೇ ಕಂಪ್ಯೂಟರುಗಳಿಗೆ ಮದ್ದು ಮಾಡುವ ಡಬ್ಬಾ ಡಾಕ್ಟರನ ಗಂಟಲಲ್ಲಿ ಸಿಕ್ಕಿಕೊಂಡದ್ದು ಬ್ರೆಡ್ಡಿನ ಚೂರೆಂದು ಅವನ ಹೆಂಡತಿ ತಿಳಿದಳು. ಎದ್ದು ಬಂದು ಬೆನ್ನಿಗೆ ನಾಲ್ಕು ಗುದ್ದಿದಳು; ಲೋಕದಲ್ಲಿ ಯಾವ ಹೆಂಡತಿಯೂ ಗಂಡನ ಬೆನ್ನಿಗೆ ಅಷ್ಟು ಶ್ರದ್ಧೆಯಿಂದ ಗುದ್ದಿರಲಿಕ್ಕಿಲ್ಲ. ಬ್ರೆಡ್ಡು ಆಗಲೇ ಹೊಟ್ಟೆ ಸೇರಿತ್ತು. ಸಿಕ್ಕಿಕೊಂಡದ್ದು ಅವಳು ಆಗತಾನೇ ಆಡಿದ ಮಾತು.

"ನಿಮ್ಮ ಟೈಪಿಂಗ್ ಮೇಡಂ ನಿನ್ನೆ ಔಷಧಿ ಅಂಗಡೀಲಿ ಸಿಕ್ಕಿದ್ರು ರೀ. ನರದ ಡಾಕ್ಟರ ಹತ್ರ ಹೋಗಿದ್ರಂತೆ. ಬೆರಳು ಹೇಳಿದ ಮಾತು ಕೇಳ್ತಿಲ್ವಂತೆ."

"ಯಾವ ಬೆರಳು?" ಎಂದ ಅವನು, ಹತ್ತರಲ್ಲಿ ಯಾವುದೆಂದು ತಿಳಿದರೆ ಮಿಕ್ಕ ಒಂಬತ್ತಾದರೂ ಉಳಿದಾವು ಎಂಬಂತೆ.

"ಅದು ಗೊತ್ತಾಗಿದ್ರೆ ಡಾಕ್ಟರ ಹತ್ರ ಯಾಕೆ ಹೋಗ್ತಾರೆ? ನಿಮ್ಮ ಲೈಬ್ರರೀಲಿ ಕೂತು ಏನೋ ಫಾರಂ ತುಂಬ್ತಾರಂತೆ. ಇನ್ನೇನು ಮುಗೀತು ಅನ್ನೋವಾಗ ಯಾವುದೋ ಕೀ ತಗುಲಿ ಎಲ್ಲ ಮಾಯ. ತಗುಲಿದ್ದೇ ಗೊತ್ತಾಗಲ್ವಂತೆ. ಡಾಕ್ಟರು ಮೊಣಕೈಗೆ ಪುಟ್ಟ ಸುತ್ತಿಗೇಲಿ ಹೊಡೆದು ನೋಡಿ, ಏನೂ ಇಲ್ಲಮ್ಮ, ವಯಸ್ಸು ಅಂದ್ರಂತೆ. ಪಾಪ, ಮುಖ ಇಷ್ಟೇ ಇಷ್ಟಾಗಿತ್ತು." ಅವಳು ಲೋಟ ಎತ್ತಿಕೊಂಡು ನಿಂತಳು. "ಅಲ್ಲಿ ಕಂಪ್ಯೂಟರ್ ನೋಡ್ಕೊಳೋರು ನೀವೇ ಅಲ್ವಾ? ಒಂದಿನ ಪಕ್ಕದಲ್ಲಿ ನಿಂತು ನೋಡಬಾರದಾ, ಯಾವ ಕೀ ತಗುಲತ್ತೆ ಅಂತ?"

"ನೋಡ್ತೀನಿ."

ನೋಡುವುದಕ್ಕೇನಿತ್ತು? ಯಾವ ಕೀಯೂ ತಗುಲುತ್ತಿರಲಿಲ್ಲ. ಮೇಡಂ ಕೂರುವ ನಾಲ್ಕನೇ ನಂಬರಿನ ಮೆಷಿನ್ನಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಗೋಡೆಯ ಆಚೆ, ಹಳೇ ಪತ್ರಿಕೆಗಳ ಕಟ್ಟುಗಳ ನಡುವೆ ಕೂತು ಅವರ ಪರದೆಯ ಮೇಲಿನ ಕಿಟಕಿಯನ್ನು ಮುಚ್ಚುತ್ತಿದ್ದವನು ಅವನೇ. ಒಂದು ಸಾಲು ಹೊಡೆದು ಎಂಟರ್ ಒತ್ತಿದರೆ ಸಾಕು, ಗೋಡೆಯಾಚೆ ಎರಡು ಗಂಟೆಯ ಬರವಣಿಗೆ ತಂಗಾಳಿಗೆ ಆರಿದ ದೀಪದಷ್ಟೂ ಸದ್ದು ಮಾಡದೆ ಸಾಯುತ್ತಿತ್ತು. ಏಳು ಸಲ. ನಾಯಿ ಬೊಗಳಿದರೆ ಹುಲಿ ಅಟ್ಟಿಸಿಕೊಂಡು ಬಂತೆನ್ನುವ ಬಾಯಿ ಅವನದು. ನೆಗಡಿಯಾದರೆ ಅವನು ಸತ್ತು ಬದುಕಿ ಬಂದಿರುತ್ತಿದ್ದ. ಆದರೆ ಈ ಏಳು ಮಾತ್ರ ಅವನೊಳಗೆ ಏಳಾಗಿಯೇ ಕೂತಿತ್ತು. ಎಂಟಾಗಲಿಲ್ಲ, ಆರಾಗಲೂ ಇಲ್ಲ. ಪ್ರತಿ ಸಂಜೆ ಮೆಷಿನ್ನುಗಳ ದಿನಚರಿಯನ್ನು ತೆರೆದು ಓದುವುದು ಅವನ ಅಭ್ಯಾಸ. ಯಾವ ಕಿಟಕಿ ಎಷ್ಟು ಹೊತ್ತಿಗೆ ಸತ್ತಿತು, ಯಾರ ಕೈಯಿಂದ ಸತ್ತಿತು ಎಂಬುದನ್ನು ಆ ಯಂತ್ರ ಯಾರ ಮುಲಾಜೂ ಇಲ್ಲದೆ ಬರೆದಿಡುತ್ತಿತ್ತು.

ಬೀದಿಗೆ ಇಳಿದವನಿಗೆ ಬೆರಳುಗಳು ಕಾಣತೊಡಗಿದವು. ನಿನ್ನೆಯವರೆಗೆ ಆ ಊರಿನ ಜನಕ್ಕೆ ಬೆರಳಿತ್ತೆಂಬುದನ್ನೇ ಅವನು ಗಮನಿಸಿದವನಲ್ಲ. ಕ್ಷೌರದಂಗಡಿಯವನು ಕತ್ತರಿ ಹಿಡಿದಿದ್ದ, ಕಿರುಬೆರಳನ್ನು ಗಿರಾಕಿಯ ಕಿವಿಯ ಮೇಲೆ ಊರಿದ್ದ. ಬಸ್ಸಿನ ಕಂಬಿಗೆ ನೇತುಬಿದ್ದ ನಲವತ್ತು ಕೈಗಳು ಹೊರಟುಹೋದವು. ಬಾಗಿಲಿನ ಮುಂದೆ ನೀರು ಚೆಲ್ಲುತ್ತಿದ್ದ ಹೆಂಗಸು ಬಕೆಟ್ಟಿನ ಅಂಚನ್ನು ಎರಡೇ ಬೆರಳಲ್ಲಿ ಎತ್ತಿದಳು. ಎಲ್ಲರ ಬೆರಳುಗಳೂ ಹೇಳಿದ ಮಾತು ಕೇಳುತ್ತಿದ್ದವು. ಇವನದೇ ಬಲಗೈ ತೋರುಬೆರಳು ಜೇಬಿನೊಳಗೆ ಬೆವರುತ್ತಿತ್ತು. ಅದಕ್ಕಾದರೂ ಒಂದು ನರದ ಡಾಕ್ಟರು ಸಿಕ್ಕು, ಸುತ್ತಿಗೆಯಲ್ಲಿ ಒಂದೇಟು ಬಿದ್ದಿದ್ದರೆ! ಹಿಂದೊಮ್ಮೆ ಲೈಬ್ರರಿಯ ದೊಡ್ಡವರ ಮುಂದೆ ಆ ಬೆರಳನ್ನೇ ಎತ್ತಿ ಎತ್ತಿ ಎಷ್ಟು ಮಾತಾಡಿದ್ದ. ಮೂರು ತಿಂಗಳ ಹಿಂದೆ ಲೈಬ್ರರಿಯ ದೊಡ್ಡವರು ಹಜಾರದ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತು, ಈ ಆರು ಡಬ್ಬಗಳನ್ನು ಗುಜರಿಗೆ ಹಾಕಿ ಆ ಜಾಗದಲ್ಲಿ ಬೀರು ಇಡೋಣ ಎಂದಿದ್ದರು. "ಗುಜರಿಗೆ ಯಾಕೆ ಸಾರ್? ಲಿನಕ್ಸ್ ಅಂತ ಹಗುರವಾದ ಸಿಸ್ಟಮ್ ಇದೆ, ಅದನ್ನ ಹಾಕ್ತೀನಿ. ಒಂದೊಂದೂ ಕುದುರೆ ಆಗತ್ತೆ. ಆಮೇಲೆ ನೀವೇ ನಿಲ್ಲಿಸು ಅಂತ ಕೂಗ್ತೀರಿ, ಅದು ನಿಲ್ಲಲ್ಲ."

ಅಷ್ಟರಮಟ್ಟಿಗೆ ಅದು ಬಡಾಯಿಯೂ ಅಲ್ಲ. ಹದಿನೈದು ವರ್ಷದ ಮುದಿ ಮೆಷಿನ್ನುಗಳ ಮೈಮೇಲಿಂದ ಅವನು ಒಂದೊಂದೇ ಒಡವೆ ಬಿಚ್ಚಿದ್ದ. ಕಿಟಕಿಗಳ ನೆರಳು ತೆಗೆದ, ಹಾರಿ ಬಂದು ಕೂರುವ ಆಟ ನಿಲ್ಲಿಸಿದ, ಹಿನ್ನೆಲೆಯ ಹೂವಿನ ಚಿತ್ರ ಕಿತ್ತು ಬೂದು ಬಣ್ಣ ಬಳಿದ. ಇರುವುದರಲ್ಲೇ ಸಣಕಲಾದ ಡೆಸ್ಕ್‌ಟಾಪೊಂದನ್ನು ಹುಡುಕಿ ಕೂರಿಸಿದ; ಯಾರೂ ಕರೆಯದೆ ಬೆಳಿಗ್ಗೆ ಎದ್ದು ಕೂತು ಮೆಷಿನ್ನಿನ ತಾತ್ಕಾಲಿಕ ನೆನಪಾದ ರ‍್ಯಾಮ್ ತಿನ್ನುವ ಹನ್ನೊಂದು ಸೋಮಾರಿ ಪ್ರೋಗ್ರಾಮುಗಳನ್ನು ಮನೆಗೆ ಕಳಿಸಿದ. ಟ್ರಂಕಿನ ಮೇಲೆ ಕೂತು ಬಟ್ಟೆ ಒತ್ತುವ ಹಾಗೆ, ರ‍್ಯಾಮಿನಲ್ಲಿರುವುದನ್ನೇ ಒತ್ತಿ ಮಡಚಿ ಇನ್ನಷ್ಟು ತುಂಬುವ ವಿದ್ಯೆಯೊಂದಿತ್ತು, ಅದನ್ನೂ ಮಾಡಿದ. ಆರೂ ಮುದುಕರು ಅರ್ಧ ನಿಮಿಷದಲ್ಲಿ ಎದ್ದು, ಮುಖ ತೊಳೆದು, ಕೆಲಸಕ್ಕೆ ತಯಾರಾಗಿ ನಿಂತರು. ದೊಡ್ಡವರು ಅವನ ಭುಜ ತಟ್ಟಿ "ಮಾಂತ್ರಿಕ ಕಣಯ್ಯ ನೀನು" ಎಂದರು. ಆ ಭುಜ ಮೂರು ದಿನ ಬೆಚ್ಚಗಿತ್ತು. ನಾಲ್ಕನೆಯ ದಿನ ದೊಡ್ಡವರು ತಮ್ಮ ಕೋಣೆಯಲ್ಲಿ, ಇವನಿಗೆ ಹೇಳಿದರೋ ಗೋಡೆಗೆ ಹೇಳಿದರೋ, "ನಂದು ಯಾಕೋ ಸ್ವಲ್ಪ ನಿಧಾನ" ಎಂದರು. ಅಷ್ಟೇ ಅಂದದ್ದು. ಅವರೇನೂ ಕೇಳಿರಲಿಲ್ಲ. ಅಂದೇ ಬಾಗಿಲು ಹಾಕುವ ಮುಂಚೆ ಇವನು ನಾಲ್ಕನೇ ನಂಬರಿನ ಹೊಟ್ಟೆ ಬಿಚ್ಚಿ, ಅದರಲ್ಲಿದ್ದ ಎರಡು ರ‍್ಯಾಮಿನ ಪಟ್ಟಿಗಳಲ್ಲಿ ಒಂದನ್ನು ಕಿತ್ತು ದೊಡ್ಡವರ ಮೆಷಿನ್ನಿಗೆ ಹಾಕಿದ. ಬೆರಳುದ್ದದ ಹಸಿರು ಪಟ್ಟಿ. ಯಾರಿಗೆ ಗೊತ್ತಾಗುತ್ತದೆ?

ಗೊತ್ತಾದದ್ದು ನಾಲ್ಕನೇ ನಂಬರಿಗೆ. ಲಿನಕ್ಸೇನೋ ಅರೆಹೊಟ್ಟೆಯಲ್ಲೂ ನಗುನಗುತ್ತಾ ದುಡಿಯಿತು. ಹೊರಗಿನ ಲೋಕವೇ ದಪ್ಪಗಾಗಿಬಿಟ್ಟಿತ್ತು. ಒಂದೊಂದು ಪುಟವೂ ತೆರೆದ ಕೂಡಲೇ ಅರ್ಧ ಆನೆಯಷ್ಟು ಜಾಗ ಕೇಳುತ್ತಿತ್ತು. ಒಂದು ಮಧ್ಯಾಹ್ನ ದೊಡ್ಡವರು ಇಬ್ಬರು ಅತಿಥಿಗಳಿಗೆ ಹಜಾರ ತೋರಿಸುತ್ತಿದ್ದಾಗಲೇ ನಾಲ್ಕನೆಯದು ಕಲ್ಲಾಯಿತು. ಬಾಣದ ಗುರುತು ಅಲ್ಲಾಡಲಿಲ್ಲ, ಡಿಸ್ಕಿನ ಕೆಂಪು ದೀಪ ಆರಲಿಲ್ಲ, ಒಳಗಿನಿಂದ ಹಲ್ಲು ಕಡಿಯುವ ಸದ್ದು ಹಜಾರವನ್ನೆಲ್ಲ ತುಂಬಿತು. ಇವನು ಎಲ್ಲರ ಮುಂದೆ ಮಂಡಿಯೂರಿ ಸ್ವಿಚ್ಚನ್ನು ಒತ್ತಿ ಹಿಡಿದ. ಹತ್ತು ಸೆಕೆಂಡು. ಆ ಹತ್ತು ಸೆಕೆಂಡಿನಲ್ಲಿ ರಾಜ್ಯಗಳು ಹುಟ್ಟಿ ಅಳಿದವು. "ಏನ್ ಡಾಕ್ಟ್ರೇ, ಕುದುರೆ ಮಲಗ್ತಾ?" ಎಂದಳು ಕೌಂಟರಿನ ಅಕ್ಕ, ಪುಸ್ತಕಕ್ಕೆ ಠಪ್ಪೆಂದು ಮುದ್ರೆ ಒತ್ತುತ್ತಾ. ಅತಿಥಿಗಳು ಮರ್ಯಾದೆಯಿಂದ ನಕ್ಕರು. ಮರ್ಯಾದೆಯಿಂದ ನಗುವುದಕ್ಕಿಂತ ಉಗಿಯುವುದು ವಾಸಿ.

ಹೀಗೆ ಕಲ್ಲಾಗುವ ಮುನ್ನ ಅತಿ ದೊಡ್ಡ ಕಿಟಕಿಯನ್ನು ಹುಡುಕಿ ಮುಚ್ಚುವ ಕಾವಲುಗಾರ ಪ್ರೋಗ್ರಾಮೊಂದು ಲಿನಕ್ಸಿನಲ್ಲಿ ಸಿಗುತ್ತದೆ. ಇವನು ಅದನ್ನು ತಂದ. ಅದು ಪ್ರಾಮಾಣಿಕ ಪ್ರಾಣಿ. ಮುಚ್ಚಿದ ಮೇಲೆ ಪರದೆಯ ಮೂಲೆಯಲ್ಲಿ ಒಂದು ಸಾಲು ತೋರಿಸುತ್ತಿತ್ತು: ರ‍್ಯಾಮ್ ಸಾಲದ್ದರಿಂದ ಮುಚ್ಚಲಾಗಿದೆ. ಆ ಸಾಲನ್ನು ಓದಿದಾಗ ಅವನಿಗೆ ತನ್ನದೇ ಸಾವಿನ ಸುದ್ದಿ ಪತ್ರಿಕೆಯಲ್ಲಿ ಬಂದಂತಾಯಿತು. ಮೊದಲು ಆ ಸಾಲನ್ನು ತೆಗೆದ. ಆಮೇಲೆ ಕಾವಲುಗಾರ ದುಡುಕಿ ಬೇಡದ್ದನ್ನೆಲ್ಲ ಕೊಲ್ಲುತ್ತಾನೆಂದು ಅವನನ್ನೂ ತೆಗೆದು, ಹಿಂದಿನ ಕೋಣೆಯಲ್ಲಿ ಕಪ್ಪು ಪರದೆಯ ಮುಂದೆ ತಾನೇ ಕೂತ. ಆರು ಮೆಷಿನ್ನಿಗೆ ಆರು ಪಟ್ಟೆಗಳು. ರ‍್ಯಾಮ್ ತುಂಬುತ್ತ ಹೋದಂತೆ ಹಸಿರು, ಹಳದಿ, ಕೆಂಪು. ಕೆಂಪು ಮುಟ್ಟಿದವನ ಕಿಟಕಿಗೆ ಒಂದು ಸಾಲು, ಒಂದು ಎಂಟರ್. ಮೊದಮೊದಲು ಯಾರಾದರೂ ಎದ್ದು ಬಂದು ಜಗಳ ಆಡಿಯಾರೆಂದು ಕಿವಿ ನಿಮಿರಿಸಿ ಕೂರುತ್ತಿದ್ದ. ಯಾರೂ ಬರಲಿಲ್ಲ. ಗೋಡೆಯಾಚೆ ಕೇಳಿಸುತ್ತಿದ್ದದ್ದು ಒಂದೇ ಮಾತು: "ಅಯ್ಯೋ, ಏನೊತ್ತಿಬಿಟ್ನಪ್ಪಾ ನಾನು!" ತಪ್ಪು ಎಲ್ಲಿದೆಯೆಂದು ತಿಳಿಯದಿದ್ದರೆ ಮನುಷ್ಯ ಮೊದಲು ನೋಡಿಕೊಳ್ಳುವುದು ತನ್ನ ಬೆರಳನ್ನೇ. ಈ ಮಹಾಸತ್ಯವನ್ನು ಕಂಡುಹಿಡಿದ ಸಂತೋಷಕ್ಕೆ ಅವನು ಅಂದು ಎರಡು ಲೋಟ ಟೀ ಕುಡಿದಿದ್ದ.

ಈಗ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಅದೇ ಟೀ ಅವನ ಮೇಜಿನ ಮೇಲೆ ಕೆನೆಗಟ್ಟಿತು. ಹನ್ನೆರಡು ಹೊಡೆಯಿತು, ಒಂದು ಹೊಡೆಯಿತು. ಇಂದು ಮೇಡಂ ಬರದಿರಲಿ ಎಂದುಕೊಂಡ. ಬರದಿದ್ದರೆ ಕಾಯಿಲೆಯೇ ಎಂದು ಬೆಚ್ಚಿದ. ಹದಿನೆಂಟನೆಯ ವಯಸ್ಸಿನಲ್ಲಿ ಆರು ತಿಂಗಳು ಅವರ ಇನ್‌ಸ್ಟಿಟ್ಯೂಟಿನ ಬೆಂಚಿನ ಮೇಲೆ ಕೂತಿದ್ದ. ತಗಡಿನ ಮಾಡಿನ ಉದ್ದನೆಯ ಕೋಣೆ, ಹದಿನಾಲ್ಕು ಟೈಪ್‌ರೈಟರು, ಹದಿನಾಲ್ಕರ ನಡುವೆ ಒಂದು ಹೆಜ್ಜೆಯ ಸದ್ದು. ಕೀಲಿಗಳ ಕಡೆ ಕಣ್ಣು ಇಳಿದರೆ ಬೆರಳ ಗಂಟಿನ ಮೇಲೆ ಅಡಿಕೋಲು. "ಕೆಳಗೇನಿದೆ? ನಿಧಿ ಇದೆಯಾ? ಮೇಲೆ ನೋಡು!" ಇಡೀ ತರಗತಿಯಲ್ಲಿ ಕೊನೆಯವರೆಗೂ ಕೆಳಗೆ ನೋಡಿಯೇ ಹೊಡೆದವನು ಇವನೊಬ್ಬ. ಅವರು ಇಟ್ಟ ಹೆಸರು 'ಕೆಳನೋಟ'. ಇಪ್ಪತ್ತು ವರ್ಷದ ಮೇಲೆ ಅವರು ಈ ಹಜಾರಕ್ಕೆ ಮೊದಲ ಸಲ ಬಂದು, ಆರೂ ಕೀಬೋರ್ಡುಗಳ ಮೇಲೆ ಕೈಯಾಡಿಸಿ, ಆಳವಾಗಿ ಇಳಿಯುವ ಹಳೇ ಕೀಲಿಗಳಿರುವುದು ನಾಲ್ಕನೆಯದಕ್ಕೆ ಮಾತ್ರವೆಂದು ಅದನ್ನೇ ಆರಿಸಿಕೊಂಡಿದ್ದರು. ಮೂರನೆಯ ಸಲ ಬಂದ ದಿನ ಇವನನ್ನು ಕಂಡು, ಕೌಂಟರಿನವರೆಗೂ ಕೇಳುವಂತೆ, "ಏನೋ ಕೆಳನೋಟ, ಈಗಲೂ ಕೆಳಗೆ ನೋಡ್ಕೊಂಡೇ ಹೊಡೀತೀಯೇನೋ?" ಎಂದಿದ್ದರು. ಹಜಾರ ನಕ್ಕಿತು. ಅವರೂ ಪ್ರೀತಿಯಿಂದಲೇ ನಕ್ಕರು. ಆ ಮಧ್ಯಾಹ್ನ ನಾಲ್ಕನೇ ಪಟ್ಟೆ ಹಳದಿಯಲ್ಲಿತ್ತು. ಇನ್ನೂ ಹಳದಿ. ಕಾಯಬಹುದಿತ್ತು. ಒಂದು ಸಾಲು, ಒಂದು ಎಂಟರ್. ಕೆಂಪಾಗುತ್ತಿತ್ತು, ಹೇಗಿದ್ದರೂ ಆಗುತ್ತಿತ್ತು ಎಂದು ಅವನು ತನಗೆ ತಾನೇ ಸಾವಿರ ಸಲ ಹೇಳಿಕೊಂಡಿದ್ದಾನೆ. ಸಾವಿರ ಎಂಬುದು ಇಲ್ಲಿ ಕಡಿಮೆಯೇ.

ಎರಡು ಗಂಟೆಗೆ ಸರಿಯಾಗಿ ಬಂದರು. ಕಂಕುಳಲ್ಲಿ ಫೈಲು, ಕೈಯಲ್ಲಿ ಕೀಲಿ ಒರೆಸುವ ಬಟ್ಟೆ, ಕೋಲು ನುಂಗಿದಂತೆ ನೆಟ್ಟಗಿನ ಬೆನ್ನು. ಇವನು ಮೂರನೇ ನಂಬರಿನ ವೈರು ಸರಿಪಡಿಸುವ ನೆಪದಲ್ಲಿ ಹಜಾರಕ್ಕೆ ಬಂದು ಕುಕ್ಕರಗಾಲಲ್ಲಿ ಕೂತ. ಆ ವೈರಿಗೆ ಜನ್ಮದಲ್ಲಿ ಯಾವ ರೋಗವೂ ಇರಲಿಲ್ಲ. ಅಲ್ಲಿಂದ ಅವನು ಕಂಡದ್ದು ಕಾಣಬಾರದ್ದು. ಒಂದು ಕಾಲಕ್ಕೆ ತಗಡಿನ ಮಾಡಿಗೆ ಆಲಿಕಲ್ಲು ಸುರಿದಂತೆ ಹೊಡೆಯುತ್ತಿದ್ದ ಕೈ ಈಗ ಒಂದು ಅಕ್ಷರ ಒತ್ತುವುದು, ನಿಲ್ಲುವುದು, ಪರದೆ ನೋಡುವುದು, ಇನ್ನೊಂದು ಒತ್ತುವುದು. ಎಡಗೈಯನ್ನು ಮಡಿಲಲ್ಲಿ ಬಚ್ಚಿಟ್ಟಿದ್ದರು, ಅದು ಎಲ್ಲಿ ಹೋಗಿ ಏನನ್ನು ಮುಟ್ಟೀತೋ ಎಂದು. ಬಲಗೈಯ ಒಂದೇ ಬೆರಳು. ಒತ್ತುವ ಮುಂಚೆ, ಪ್ರತಿಯೊಂದು ಸಲವೂ, ಮೇಡಂ ಕೆಳಗೆ ನೋಡುತ್ತಿದ್ದರು.

"ಎಷ್ಟು ಹೊತ್ತು ಆ ವೈರು ತಬ್ಬಿಕೊಂಡಿರ್ತೀಯೋ? ಎದ್ದು ಬಾ." ತಲೆ ಎತ್ತದೆಯೇ ಕರೆದರು. "ನಿನ್ನ ಹೆಂಡತಿ ಹೇಳಿದ್ಲಾ?"

"ಏನು ಮೇಡಂ?"

"ಹೇಳಿರ್ತಾಳೆ. ಒಳ್ಳೆ ಹುಡುಗಿ, ಬಾಯಿ ಮಾತ್ರ ತೂತು." ಅವರು ಫೈಲಿನಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. "ಪರೀಕ್ಷಾ ಮಂಡಳಿಯೋರು ಟೈಪಿಂಗ್ ಪರೀಕ್ಷಕರ ಪಟ್ಟೀನ ಹೊಸದಾಗಿ ಮಾಡ್ತಿದಾರೆ. ಇವತ್ತು ಐದು ಗಂಟೆಗೆ ಕೊನೆ. ಮೂವತ್ತೊಂದು ವರ್ಷದಿಂದ ನನ್ನ ಹೆಸರು ಆ ಪಟ್ಟೀಲಿದೆ. ಫಾರಂ ಹೋದ್ರೆ ಸರಿ. ಹೋಗಲಿಲ್ಲಾಂದ್ರೆ ಇದು, ಹೆಸರು ತೆಗೀರಿ ಅಂತ ಕೈಯಲ್ಲಿ ಬರೆದಿಟ್ಟಿದೀನಿ."

"ಹೋಗತ್ತೆ ಮೇಡಂ. ಇವತ್ತು ಖಂಡಿತಾ ಹೋಗತ್ತೆ. ನಾನಿದೀನಲ್ಲ."

"ಹೋಗೋದೊಂದೇ ಅಲ್ಲ ಕಣೋ." ಪರದೆಯ ಕೆಳತುದಿಯಲ್ಲಿದ್ದ ಒಂದು ಖಾಲಿ ಚೌಕದ ಕಡೆ ಗಲ್ಲ ತೋರಿಸಿದರು. ಕೈ ಎತ್ತಲಿಲ್ಲ. "ಓದು ಅದನ್ನ."

ನನ್ನ ಕೈಬೆರಳುಗಳು ಪರೀಕ್ಷಾ ವೇಗದಲ್ಲಿ, ತಪ್ಪಿಲ್ಲದೆ ಕೆಲಸ ಮಾಡುತ್ತವೆಂದು ಪ್ರಮಾಣ ಮಾಡುತ್ತೇನೆ. ಪಕ್ಕದಲ್ಲಿ ಟಿಕ್ ಹಾಕುವ ಜಾಗ.

"ಇದಕ್ಕೆ ಹೇಗೋ ಟಿಕ್ ಹಾಕ್ಲಿ? ಮಕ್ಕಳ ಕೈಲಿ ಒಂದು ಅಕ್ಷರ ತಪ್ಪಿದ್ರೆ ಅಂಕ ಕಳೀತಿದ್ದೆ. ಈಗ ನನ್ನ ಕೈಯೇ ನಂಗೆ ಹೇಳದೆ ಏನೇನೋ ಒತ್ತತ್ತೆ. ಟಿಕ್ ಇಲ್ಲದೆ ಕಳಿಸಿದ್ರೆ ಅವರು ತಗೊಳಲ್ಲ. ಕೊನೇಲಿ ನೋಡೋಣಾಂತ ಬಿಟ್ಟಿದೀನಿ. ಇವತ್ತಾದ್ರೂ ಕೊನೇ ತನಕ ಏನೂ ತಗುಲದೆ ಹೋದ್ರೆ…" ಮಾತು ಮುಗಿಸದೆ ಮತ್ತೆ ಕೆಳಗೆ ನೋಡಿ ಒಂದು ಅಕ್ಷರ ಒತ್ತಿದರು. "ಹೋಗು, ಹೋಗು. ನೀನು ಪಕ್ಕದಲ್ಲಿ ನಿಂತ್ರೆ ಇನ್ನೂ ನಡುಗತ್ತೆ."

ಹಿಂದಿನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ಬಚಾವಾಗುವ ದಾರಿ ಕಂಡಿತ್ತು: ಇವತ್ತೊಂದು ದಿನ ಅವರ ಕಿಟಕಿ ಸಾಯದಿದ್ದರೆ ಸಾಕು. ಅವರ ಧೈರ್ಯ ತಾನೇ ಮರಳುತ್ತದೆ, ಟಿಕ್ ಬೀಳುತ್ತದೆ, ಯಾರೂ ಯಾರಿಗೂ ಏನೂ ಹೇಳಬೇಕಿಲ್ಲ. ಮೂರು ಗಂಟೆಗೆ ನಾಲ್ಕನೇ ಪಟ್ಟೆ ಹಳದಿಗೆ ತಿರುಗಿತು. ಮಂಡಳಿಯ ಪುಟದ ನೆತ್ತಿಯ ಮೇಲೆ ಯಾರಿಗೂ ಬೇಡದ ಚಿತ್ರಗಳು ಒಂದರ ಹಿಂದೊಂದು ಮೆರವಣಿಗೆ ಹೊರಟಿದ್ದವು. ಒಂದೊಂದು ಸುತ್ತಿಗೂ ಒಂದೊಂದು ತುತ್ತು. ನಡುವೆ ಉಳಿಸಿಡುವ ಏರ್ಪಾಡು ಆ ಪುಟಕ್ಕಿರಲಿಲ್ಲ, ಮತ್ತು ಹತ್ತು ಜನ ಕೂರುವ ಮೆಷಿನ್ನೆಂದು ಏನನ್ನೂ ಉಳಿಸಿಕೊಳ್ಳದಂತೆ ಅವನೇ ಕಟ್ಟು ಮಾಡಿದ್ದ. ಮೂರೂವರೆಗೆ ಅವನು ಮುಳುಗುವ ದೋಣಿಯಿಂದ ಸಾಮಾನು ಎಸೆಯತೊಡಗಿದ. ಗೋಡೆಯಾಚೆಗೆ ಕೈ ಚಾಚಿ ನಾಲ್ಕನೇ ನಂಬರಿನ ಪರದೆಯಲ್ಲಿದ್ದ ಗಡಿಯಾರ ಎಸೆದ. ಶಬ್ದದ ಗುಂಡಿ ಎಸೆದ. ಕೆಳಗಿನ ಇಡೀ ಪಟ್ಟಿ ಎಸೆದ. ಬೂದು ಬಣ್ಣವನ್ನೂ ಬಿಡದೆ ಕಿತ್ತು ಕಪ್ಪು ಮಾಡಿದ. ಇನ್ನು ಆ ಮೆಷಿನ್ನಿನಲ್ಲಿ ಉಳಿದದ್ದು ಒಂದು ಫಾರಂ ಮತ್ತು ಅದರ ಮುಂದೆ ಒಬ್ಬ ಹೆಂಗಸು. ಪಟ್ಟೆ ಒಂದು ಕೂದಲಿನಷ್ಟು ಹಿಂದೆ ಸರಿದು, ಉಸಿರೆಳೆದುಕೊಂಡು, ಮತ್ತೆ ಮುಂದೆ ಬಂತು. ಗೋಡೆಯಾಚೆಯಿಂದ ಮೇಡಂ ದನಿ, ಸಣ್ಣದಾಗಿ, ಕೌಂಟರಿನ ಅಕ್ಕನಿಗೆ: "ನೋಡಮ್ಮ, ಗಡಿಯಾರ ಹೋಯ್ತು. ಕೆಳಗಿಂದೆಲ್ಲ ಹೋಯ್ತು. ನಾನು ಏನೂ ಮುಟ್ಟಲಿಲ್ಲ… ಮುಟ್ಟಿದ್ನಾ?"

ಆ ಪ್ರಶ್ನೆ ಗೋಡೆ ತೂರಿ ಬಂತು. ಉಳಿಸಲು ಹೋಗಿ ಎಸೆದ ಒಂದೊಂದು ಸಾಮಾನೂ ಅವರ ಬೆರಳಿನ ಮೇಲೆಯೇ ಬಿದ್ದಿತ್ತು. ನಾಲ್ಕೂ ಕಾಲಿಗೆ ಪಟ್ಟೆ ಕೆಂಪು ಮುಟ್ಟಿತು. ಮುಚ್ಚದಿದ್ದರೆ ಮೆಷಿನ್ನು ಕಲ್ಲು, ಮುಚ್ಚಿದರೆ ಫಾರಂ ಬೂದಿ. ಬೆರಳು ಅಭ್ಯಾಸದಿಂದ ಕೀಲಿಗಳ ಮೇಲೆ ಹೋಗಿ ನಿಂತಿತು. ಅವನು ಅದನ್ನು ಅಲ್ಲಿಂದ ಎತ್ತಿಕೊಂಡು, ಮಗುವನ್ನು ಎತ್ತಿಕೊಂಡವನಂತೆ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಹಜಾರಕ್ಕೆ ಬಂದ.

"ಮೇಡಂ, ಮುಗೀತಾ?"

"ಮುಗೀತು. ಟಿಕ್ ಒಂದು ಬಾಕಿ."

"ಹಾಕಿ ಕಳಿಸಿಬಿಡಿ. ಈಗಲೇ."

"ಹಾಕಲ್ಲ. ಗಡಿಯಾರ ಹೋಗಿದ್ದು ನೀನೂ ನೋಡ್ತಿದೀಯಲ್ಲ."

"ಅದು ನಾನು ತೆಗೆದಿದ್ದು ಮೇಡಂ. ಒಳಗಿಂದ. ಫಾರಂ ಹೋಗ್ತಿತ್ತಲ್ಲ, ಅದೂ ನಾನೇ. ಈ ಮೆಷಿನ್ನಿಗೆ ರ‍್ಯಾಮ್ ಸಾಲದು. ತುಂಬಿದಾಗ ನಾನೇ ಒಳಗೆ ಕೂತು ನಿಮ್ಮ ಕಿಟಕಿ ಮುಚ್ತಿದ್ದೆ. ನಿಮ್ಮ ಬೆರಳು ಏನೂ ಮಾಡಿಲ್ಲ."

ಮೇಡಂ ಅವನನ್ನು ನೋಡಿದರು. ಮೂರು ವಾರದಲ್ಲಿ ಮೊದಲ ಸಲ ಅವರ ಮುಖ ಸಡಿಲವಾಗಿ, ನಗು ಬಂತು. ಅವನಿಗೆ ಎದೆಯ ಮೇಲಿನ ಗುಡ್ಡ ಇಳಿದಂತಾಯಿತು, ಅರ್ಧ ಗಳಿಗೆ.

"ಲೋ, ಒಂದಿನ ಕ್ಲಾಸಿಗೆ ತಡವಾಗಿ ಬಂದು ದಾರೀಲಿ ಸೇತುವೆ ಕುಸೀತು ಅಂದಿದ್ದೆ. ನಮ್ಮೂರಲ್ಲಿ ಸೇತುವೆನೇ ಇರಲಿಲ್ಲ."

"ಇದು ಅದಲ್ಲ ಮೇಡಂ—"

"ಗೊತ್ತು ಬಿಡೋ. ವಯಸ್ಸಾದೋರ ಮನಸ್ಸು ನೋಯಬಾರದೂಂತ ತಪ್ಪನ್ನ ನಿನ್ನ ತಲೆ ಮೇಲೆ ಎಳ್ಕೋತಿದೀಯ. ನಿನ್ನಲ್ಲಿ ಇಷ್ಟು ಒಳ್ಳೆತನ ಇತ್ತೂಂತ ಗೊತ್ತೇ ಇರಲಿಲ್ಲ ನಂಗೆ." ಅವರು ಅವನ ಮೊಣಕೈ ತಟ್ಟಿದರು.

ಅಡಿಕೋಲಿನ ಏಟು ಬಿದ್ದಿದ್ದರೆ ತಡೆದುಕೊಳ್ಳುತ್ತಿದ್ದ. ಹುಟ್ಟಿದಾರಭ್ಯ ಅವನು ಹೇಳಿದ ಸುಳ್ಳುಗಳು, ಊರಗಲದ ಬಡಾಯಿಗಳು, ಕುಸಿದ ಸೇತುವೆಗಳು ಎಲ್ಲ ಒಟ್ಟಾಗಿ ಬಂದು ಅವನ ಒಂದೇ ಒಂದು ನಿಜದ ಮುಂದೆ ಅಡ್ಡ ನಿಂತಿದ್ದವು. ಮೆಷಿನ್ನಿನೊಳಗೆ ಡಿಸ್ಕು ಹಲ್ಲು ಕಡಿಯಲು ಶುರುಮಾಡಿತು.

"ಕೈ ಎತ್ತಿ ಮೇಡಂ," ಎಂದ. "ಎರಡೂ ಕೈ. ಮೇಜಿಂದ ದೂರ. ಪರದೆ ನೋಡ್ತಾ ಇರಿ. ನಾನು ಒಳಗೆ ಹೋಗಿ ಮುಚ್ತೀನಿ."

"ಎಲ್ಲಾ ಹೋಗತ್ತಲ್ಲೋ?"

"ಎಲ್ಲಾ ಹೋಗತ್ತೆ."

ಅವರು ತುಂಬಿದ ಫಾರಂ ನೋಡಿದರು. ಮೂವತ್ತೊಂದು ವರ್ಷಗಳು ಸಾಲಾಗಿ, ಒಂದೇ ಬೆರಳಿನಿಂದ, ಒಂದು ಅಕ್ಷರವೂ ತಪ್ಪದೆ ಕೂತಿದ್ದವು. ಗೋಡೆಯ ಗಡಿಯಾರ ನೋಡಿದರು, ನಾಲ್ಕು ಇಪ್ಪತ್ತು. ಲಕೋಟೆ ನೋಡಿದರು. ಆಮೇಲೆ ನಿಧಾನವಾಗಿ, ಮಡಿಲಲ್ಲಿ ಬಚ್ಚಿಟ್ಟಿದ್ದ ಎಡಗೈಯನ್ನೂ ಹೊರತೆಗೆದು, ಎರಡೂ ಕೈಗಳನ್ನು ಕಿವಿಯ ಮಟ್ಟಕ್ಕೆ ಎತ್ತಿದರು.

ಇಪ್ಪತ್ತು ಹೆಜ್ಜೆ ಆ ದಿನ ಇಪ್ಪತ್ತು ಮೈಲಿಯಾಯಿತು. ಕಪ್ಪು ಪರದೆಯ ಮುಂದೆ ಕೂತವನಿಗೆ ಆ ಪುಟ್ಟ ಸಾಲು ಕೈಗೆ ಬರಲಿಲ್ಲ. ಕೆಳಗೆ ನೋಡಿ ಹೊಡೆದ, ತಪ್ಪಿತು; ಅಳಿಸಿ ಹೊಡೆದ, ಮತ್ತೆ ತಪ್ಪಿತು. ನಿದ್ದೆಗಣ್ಣಲ್ಲೂ ಬರುತ್ತಿದ್ದ ಸಾಲು. ಮೂರನೆಯ ಸಲ ಬಂತು. ಎಂಟರ್.

ಹೊರಗೆ ಬಂದಾಗ ಪರದೆ ಬಾವಿಯಂತೆ ಕಪ್ಪಗಿತ್ತು. ಮೇಡಂ ಇನ್ನೂ ಕೈ ಎತ್ತಿಕೊಂಡೇ ಕೂತಿದ್ದರು. ಹಜಾರದ ಓದುಗರೆಲ್ಲ ಪುಸ್ತಕ ಬಿಟ್ಟು ಅವರನ್ನೇ ನೋಡುತ್ತಿದ್ದರು. "ಏನ್ ಮೇಡಂ, ದರೋಡೇನಾ?" ಎಂದಳು ಕೌಂಟರಿನ ಅಕ್ಕ, ಯಾರೂ ನಗಲಿಲ್ಲ. ದೊಡ್ಡವರು ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತರು.

"ಏನಯ್ಯ ಇದು?"

"ಸಾರ್, ನಿಮ್ಮ ಮೆಷಿನ್ನು ಒಂದೈದು ನಿಮಿಷ ಆಫ್ ಮಾಡ್ಬೇಕು. ಅದರಲ್ಲಿರೋ ಒಂದು ರ‍್ಯಾಮ್ ಇದರದ್ದು. ನಾನು ಕಿತ್ತು ನಿಮಗೆ ಹಾಕಿದ್ದೆ."

"ನಾನು ಕೇಳಿದ್ನೇನಯ್ಯ?"

"ಇಲ್ಲ ಸಾರ್. ನೀವು ಕೇಳಿರಲಿಲ್ಲ."

ದೊಡ್ಡವರ ಮುಖ ಕೆಂಪಾಯಿತು, ಕಪ್ಪಾಯಿತು, ಮತ್ತೆ ಮುಖದ ಬಣ್ಣಕ್ಕೆ ಬಂತು. ಓದುಗರ ಮುಂದೆ ಏನನ್ನಬೇಕೆಂದು ತಿಳಿಯದೆ, "ಕುದುರೆ ಅಂದ್ಯಲ್ಲಯ್ಯ, ಕುದುರೆ!" ಎಂದಷ್ಟೇ ಹೇಳಿ ದಾರಿ ಬಿಟ್ಟರು. ಕೌಂಟರಿನ ಅಕ್ಕನ ಮುದ್ರೆ ಗಾಳಿಯಲ್ಲೇ ನಿಂತಿತ್ತು. ಈ 'ಕುದುರೆ' ಎಂಬ ಮಾತು ಇನ್ನು ಎಷ್ಟು ವರ್ಷ ತನ್ನ ಹಿಂದೆ ಕೆನೆಯುತ್ತಾ ಬರುತ್ತದೆಂಬುದು ಅವನಿಗೆ ಆಗಲೇ ಕೇಳಿಸಿತು. ನಾಲ್ಕು ಮೂವತ್ತಕ್ಕೆ ಅವನು ಹಸಿರು ಪಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು ನಾಲ್ಕನೇ ನಂಬರಿನ ಮೇಜಿನ ಕೆಳಗೆ ತೂರಿದ್ದ. ಧೂಳು, ಪೆನ್ಸಿಲ್ ಚೂರು, ವೈರಿನ ಕರುಳು. ಮೇಡಂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಅಲ್ಲಿಂದ ಕಾಣುತ್ತಿದ್ದದ್ದು ಅವರ ಚಪ್ಪಲಿಗಳು, ಸಮನಾಗಿ ಜೋಡಿಸಿದ ಎರಡು ಪಾದಗಳು.

ಪಟ್ಟಿ ಜಾಗದಲ್ಲಿ ಕೂರುತ್ತಿರಲಿಲ್ಲ. ಮೇಲಿನಿಂದ ದನಿ ಬಂತು.

"ಎಷ್ಟು ಸಲ?"

"ಏಳು, ಮೇಡಂ." ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಕೂಡಿಸದೆ ಕಳೆಯದೆ ಹೇಳಿದ ಸಂಖ್ಯೆ ಬಾಯಲ್ಲಿ ಇಷ್ಟು ಹಗುರವಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. "ಇವತ್ತಿಂದು ಬಿಟ್ಟು."

ಪಾದಗಳು ಅಲ್ಲಾಡಲಿಲ್ಲ.

"ನನ್ನ ಲೆಕ್ಕದಲ್ಲಿ ಒಂಬತ್ತು."

ಅವನ ಕೈ ನಿಂತಿತು. ಹಲ್ಲು ಕಚ್ಚಿ ನೆನಪಿಸಿಕೊಂಡ. ಪ್ರತಿ ಸಂಜೆಯ ದಿನಚರಿ ಸಾಲುಸಾಲಾಗಿ ಕಣ್ಣೆದುರು ಬಂತು. ಯಂತ್ರ ತಾನಾಗಿ ಕೊಂದಿದ್ದರೂ ಅದು ಬರೆದಿಡುತ್ತಿತ್ತು. ಕರೆಂಟು ಹೋಗಿದ್ದರೂ ಬರೆದಿಡುತ್ತಿತ್ತು. ನಾಲ್ಕನೇ ನಂಬರಿನಲ್ಲಿ ಏಳೇ ಸಾವು. ಇನ್ನೆರಡು ಸಲ ಕಿಟಕಿ ಸತ್ತಿರಲಿಲ್ಲ. ಮುಂದೆ ಕೂತವರೇ ಅದನ್ನು ಬೆರಳಿನಿಂದ ಮುಚ್ಚಿದ್ದರು, ಅಂಥದ್ದನ್ನು ದಿನಚರಿ ಬರೆದಿಡುವುದಿಲ್ಲ. ಹೆದರಿಕೆಯಿಂದ ಆಗಿರಬಹುದು. ಏಳರ ಹೆದರಿಕೆಯೇ ಆ ಎರಡನ್ನು ಹೆತ್ತಿರಬಹುದು. ಅಥವಾ ಹೆದರಿಕೆಯಲ್ಲದೆ, ನಿಜವಾಗಿಯೂ ಕೈಯ ದೋಷದಿಂದಲೇ ಆಗಿರಬಹುದು. ಆ ಏಳರಲ್ಲಿ ಹಳದಿಯಲ್ಲೇ ಒತ್ತಿದ ಒಂದು ಇತ್ತು, ಅದನ್ನು ಅವರಿಗೆ ಹೇಳಿರಲಿಲ್ಲ, ಹೇಳುವ ಧೈರ್ಯ ಮೇಜಿನ ಕೆಳಗೂ ಇರಲಿಲ್ಲ.

"ಇನ್ನೆರಡು?" ಎಂದರು ಮೇಡಂ. ಆ ದನಿಯಲ್ಲಿ ಅಡಿಕೋಲು ಇರಲಿಲ್ಲ. ಉತ್ತರ ಗೊತ್ತಿಲ್ಲದೆ ಬೆಂಚಿನಲ್ಲಿ ಎದ್ದು ನಿಂತ ಮಗುವಿನ ದನಿ.

"ಅವೂ ನಾನೇ ಮೇಡಂ," ಎಂದ. "ಈಗ ನೆನಪಾಯ್ತು. ಒಂಬತ್ತೂ ನಾನೇ."

ಪಟ್ಟಿ ಟಕ್ಕೆಂದು ಜಾಗಕ್ಕೆ ಕೂತಿತು. ಸ್ವಿಚ್ಚು ಒತ್ತಿದ. ಅರ್ಧ ನಿಮಿಷ. ಮೇಲೆ ಪರದೆಯ ಬೆಳಕು ಮೂಡಿದ್ದು ನೆಲದ ಮೇಲೆ ಕಂಡಿತು. ಫಾರಂ ತೆರೆಯಲು ಇನ್ನರ್ಧ ನಿಮಿಷ. "ಮೊದಲು ಅದನ್ನೇ ಹಾಕ್ತೀನಿ," ಎಂದರು ಮೇಡಂ, ತಮಗೇ ಹೇಳಿಕೊಂಡಂತೆ. ಮೌಸಿನ ಒಂದು ಸಣ್ಣ ಟಿಕ್ಕು ಕೇಳಿಸಿತು. ಪಾದಗಳು ಒಂದಿಷ್ಟು ಹಿಂದಕ್ಕೆ ಸರಿದು ನೆಲವನ್ನು ಒತ್ತಿ ನಿಂತವು. ಆಮೇಲೆ ಅವನ ತಲೆಯ ಮೇಲೆ, ಅರ್ಧ ಗೇಣು ಹಲಗೆಯಾಚೆ, ಎರಡೂ ಕೈಯಿಂದ, ಆಲಿಕಲ್ಲು ಬಿದ್ದಿತು. ಮೊದಲು ನಾಲ್ಕು, ಹತ್ತು, ನೂರು. ಮೇಜು ಅದುರಿತು, ಧೂಳು ಅವನ ಕೂದಲಿಗೆ ಉದುರಿತು, ಹಜಾರದಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಐದಕ್ಕೆ ಇನ್ನು ಇಪ್ಪತ್ತಮೂರು ನಿಮಿಷವಿತ್ತು. ಈ ವೇಗಕ್ಕೆ ಅದು ಬೇಕಾದಷ್ಟಾಯಿತು. ಎಲ್ಲರೂ ಎದ್ದು ಬಂದು ಮೇಡಂ ಸುತ್ತ ನಿಂತ ಮೇಲೂ ಅವನು ಮೇಜಿನ ಕೆಳಗಿನಿಂದ ಹೊರಗೆ ಬರಲಿಲ್ಲ. ಮಂಡಿ ಮಡಚಿ, ಉಸಿರು ಬಿಗಿಹಿಡಿದು, ಮೇಲಿನಿಂದ ಬೀಳುವ ಒಂದೊಂದು ಏಟಿಗೂ ಕಿವಿಗೊಟ್ಟು ಕೂತ, ಆ ಮಳೆಯಲ್ಲಿ ಎಲ್ಲಿಯಾದರೂ ಒಂದು ಹನಿ ಜಾಗ ತಪ್ಪಿ ಬೀಳುತ್ತದೆಯೋ ಎಂದು.